ಉಗುರಿನಷ್ಟು ಸವತಿ

ನನ್ನ ಸವತಿ ನನ್ನ ಕಿರುಬೆರಳಿನ ಉಗುರಿಗಿಂತ ದೊಡ್ಡವಳೇನಲ್ಲ. ಬಣ್ಣ ಕಪ್ಪು. ನಮ್ಮ ನಡುಮನೆಯ ಟಿವಿ ಹಿಂದೆ ಒಂದು ಸೋಪಿನ ಡಬ್ಬಿ ಇದೆ, ಅದರ ಪಕ್ಕದ ಸೀಳಿನಲ್ಲಿ ಅವಳ ವಾಸ. ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ನಮ್ಮ ಯಜಮಾನರು ಕೈಕಾಲು ತೊಳೆದು, ಒಗೆದ ಪಂಚೆ ಉಟ್ಟು, ತಲೆ ಬಾಚಿಕೊಂಡು ಅವಳ ಮುಂದೆ ಕೂರುತ್ತಾರೆ. ತಲೆ ಬಾಚುವುದು ಯಾಕೆ, ನೀವೇ ಹೇಳಿ. ನನ್ನ ಜೊತೆ ರಾಮನಗರಕ್ಕೆ ಬಟ್ಟೆ ತರಲು ಬರುವಾಗಲೂ ಬಾಚಣಿಗೆ ಕಾಣದ ತಲೆ ಅದು.

ಇವಳನ್ನು ಮನೆಗೆ ತಂದು ಕೂರಿಸಿದವನು ಹೊರಗಿನವನಲ್ಲ, ನನ್ನ ಅಳಿಯ ಲೋಕೇಶ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮಿಷನ್ ರಿಪೇರಿ ಕೆಲಸ ಅವನದು. ಸುಮ್ಮನೆ ಕೂರುವ ಆಸಾಮಿಯಲ್ಲ. ಬೈರಮಂಗಲಕ್ಕೆ ನಮ್ಮ ಮನೆಗೆ ಬಂದರೆ ಮಿಕ್ಸಿ ಬಿಚ್ಚುತ್ತಾನೆ, ಇಲ್ಲವೇ ಬೋರ್‌ವೆಲ್ಲಿನ ಸ್ಟಾರ್ಟರ್ ಬಿಚ್ಚುತ್ತಾನೆ. ಆ ಸಲ ಕನಕಪುರದಿಂದ ನನ್ನ ಮಗಳು ಸಿರಿಯನ್ನು ಕರೆದುಕೊಂಡು ಬಂದವನು ಚೀಲದಿಂದ ಅಂಗೈಯಗಲದ ಹಸಿರು ಹಲಗೆಯೊಂದನ್ನು ತೆಗೆದ. ಹಳೆಯ ಸೋಪಿನ ಡಬ್ಬಿಗೆ ಕಾದ ಮೊಳೆಯಿಂದ ತೂತು ಕೊರೆದು, ಅದರೊಳಗೆ ಕೂರಿಸಿ, ಟಿವಿಗೆ ವೈರು ಎಳೆದ.

"ಇದು ಕಂಪ್ಯೂಟ್ರು ಅತ್ತೆ," ಅಂದ.

"ಇಷ್ಟೇಯಾ?"

"ಇಷ್ಟೇಯ. ನೋಡಿ, ಇದು ಬರೀ ಡಬ್ಬಿ. ಇದ್ರ ಪ್ರಾಣ ಎಲ್ಲಾ ಈ ಚಿಪ್ಪಲ್ಲೈತೆ. ಕಂಪ್ಯೂಟ್ರು ಎದ್ದೇಳದೂ ಇದ್ರಿಂದ್ಲೇ, ಸಿನಿಮಾ ಹಾಡು ಇರದೂ ಇದ್ರಲ್ಲೇ. ಇದ್ನ ಕಿತ್ತ್ರೆ ಡಬ್ಬಿಗೆ ತನ್ನ ಹೆಸ್ರೂ ಗೊತ್ತಿರಲ್ಲ."

ಅಂಗೈ ಮೇಲಿಟ್ಟು ತೋರಿಸಿದ. ಮೆಮೊರಿ ಕಾರ್ಡು. ಅದು ನನಗೆ ಹೊಸದಲ್ಲ. ನಮ್ಮ ಕಡೆ ಅದಕ್ಕೆ ಚಿಪ್ಪು ಅನ್ನುತ್ತಾರೆ, ಮೊಬೈಲಿಗೆ ಹಾಕಿ ಹಾಡು ಕೇಳುತ್ತಾರೆ. ಬಿಡದಿ ಬಸ್ ಸ್ಟ್ಯಾಂಡಿನ ಪಕ್ಕ ಅಸ್ಗರನ ಮೊಬೈಲ್ ಅಂಗಡಿಗೆ ಒಯ್ದುಕೊಟ್ಟರೆ ಹಳೆಯದನ್ನು ಅಳಿಸಿ ಬೇಕಾದ್ದು ತುಂಬಿಸಿಕೊಡುತ್ತಾನೆ. ನನ್ನ ಬಟನ್ ಫೋನಿಗೂ ದೇವರ ಹಾಡು ತುಂಬಿಸಿಕೊಟ್ಟವನು ಅವನೇ. ಹಾಗಾಗಿ ಚಿಪ್ಪು ಅಂದ ತಕ್ಷಣ ನಾನು ತಲೆಯಾಡಿಸಿದೆ, ಎಲ್ಲ ಗೊತ್ತು ಅನ್ನುವ ಹಾಗೆ.

ಅಳಿಯ ಇನ್ನೊಂದು ಮಾತು ಹೇಳಿದ. ಅದನ್ನು ಅವನು ಹೇಳಿದ್ದು ತನ್ನ ಮಾವನಿಗೆ, ಕಿವಿಗೆ ಹಾಕಿಕೊಂಡಿದ್ದು ನಾನು. "ಗ್ವಾಡೆ ಸ್ವಿಚ್ಚು ಆರ್ಸ್ಬ್ಯಾಡಿ ಮಾವ. ಮೊದ್ಲು ರಿಮೋಟಲ್ಲಿ ಆಫ್ ಮಾಡಿ. ಹಸ್ರು ಲೈಟು ಪಿಳಿಪಿಳಿ ಅನ್ನದು ನಿಂತ ಮ್ಯಾಲೆ ಸ್ವಿಚ್ಚು. ಚಿಪ್ಪು ಓದ್ತಾ ಇರೋವಾಗ ದಬಕ್ಕನೆ ಕರೆಂಟು ತೆಗುದ್ರೆ ಚಿಪ್ಪು ಕೆಟ್ಟೋಯ್ತದೆ."

ಮೊದಲ ದಿನ ಸಿರಿಯ ಮದುವೆಯ ವಿಡಿಯೋ ಹಾಕಿದರು. ಚೆನ್ನಾಗಿತ್ತು, ನಾನೂ ಕೂತು ನೋಡಿದೆ. ಆಮೇಲೆ ಸಿರಿ ಒಂಥರಾ ನಕ್ಕೊಂಡು, "ಅಪ್ಪ, ಈಗ ನೋಡು ಒಂದು ಬತ್ತೈತೆ," ಅಂದಳು. ಹಾರ್ಮೋನಿಯಂ ಕೇಳಿಸಿತು. ಸಾರಿಗೆ ಒಗ್ಗರಣೆ ಹಾಕಲು ಅಡಿಗೆಮನೆಗೆ ಬಂದಿದ್ದ ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. ಆ ಹಾರ್ಮೋನಿಯಂ ಯಾವುದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದು ನಮ್ಮೂರ ನಾಟಕ. ಸಿರಿ ಹುಟ್ಟುವುದಕ್ಕೆ ಮುಂಚಿನದು, ಮೂವತ್ತು ವರ್ಷದ ಹತ್ತಿರ ಆಯಿತು. ನಮ್ಮ ಯಜಮಾನರು, ಅಂದರೆ ಮುನಿಯಪ್ಪನವರು, ರಾಜಪಾರ್ಟು ಮಾಡಿದ್ದರು. ನಮ್ಮ ಕಡೆ ನಾಟಕದಲ್ಲಿ ಗಂಡು ಪಾರ್ಟೆಲ್ಲ ಊರಿನವರೇ ಮಾಡುತ್ತಾರೆ, ಹೆಣ್ಣು ಪಾರ್ಟಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ರಾಣಿ ಪಾರ್ಟಿಗೆ ಬಂದವಳು ಮಾಗಡಿ ರಾಧಾಮಣಿ. ತಿಂಗಳುಗಟ್ಟಲೆ ನಮ್ಮನೆಯ ಕಂಬವನ್ನೇ ರಾಣಿ ಎಂದುಕೊಂಡು ಪ್ರಾಕ್ಟೀಸು ಮಾಡಿದ್ದ ಈ ಮನುಷ್ಯ, ಅವಳು ಬಂದು ಪಕ್ಕದಲ್ಲಿ ನಿಂತದ್ದೇ ಕಂಬವಾದರು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪಾರ್ಟು ಮಾಡುವವರಿಗೆ ನಾಟಕದ ನಡುವೆ ನೆಂಟರಿಷ್ಟರು ಸ್ಟೇಜು ಹತ್ತಿ ಹಾರ ಹಾಕುವುದು ರೂಢಿ. ಆಗ ಯುದ್ಧವೇ ನಡೆಯುತ್ತಿರಲಿ, ಅಲ್ಲಿಗೇ ನಿಲ್ಲುತ್ತದೆ. ಹಾರ ಹಾಕಿಸಿಕೊಂಡು, ಕೈ ಮುಗಿದು, ಮತ್ತೆ ಕತ್ತಿ ಹಿಡಿಯುತ್ತಾರೆ. ನಾನೂ ಹತ್ತಿದೆ. ಮದುವೆಯಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಮ್ಮವ್ವ ಚನ್ನಪಟ್ಟಣದಿಂದ ಕಟ್ಟಿಸಿ ತಂದಿದ್ದ ಸುಗಂಧರಾಜದ ಹಾರ, ನನ್ನ ಮೊಣಕಾಲು ಮುಟ್ಟುವಷ್ಟು ಉದ್ದ. ರಾಧಾಮಣಿಯ ಹಾಡು ಮುಗಿಯಲಿ ಎಂದು ಪರದೆಯ ಪಕ್ಕ ಕಾದು, ಮುಂದೆ ಬಂದೆ. ಅವಳು ಪಕ್ಕಕ್ಕೂ ಸರಿಯಲಿಲ್ಲ. ಜನದ ನಡುವಿನಿಂದ ಯಾವನೋ ಕೂಗಿದ: "ರಾಜರೇ, ಒಬ್ರು ರಾಣಿ ಆಯ್ತು, ಇವ್ರು ಯಾರು? ಕಸ ಹೊಡಿಯೋಳಾ?"

ಊರಿಗೆ ಊರೇ ನಕ್ಕಿತು. ನಗಲಿ, ಊರಿಗೆ ನಗುವುದಕ್ಕೆ ಇನ್ನೇನಿದೆ. ಆದರೆ ನಾನು ತಲೆಯೆತ್ತಿ ನೋಡಿದಾಗ ಕಿರೀಟದ ಕೆಳಗೆ ಈ ಮನುಷ್ಯನೂ ನಗುತ್ತಿದ್ದರು. ರಾಧಾಮಣಿ ಕಡೆ ತಿರುಗಿಕೊಂಡು ನಗುತ್ತಿದ್ದರು. ಹಾರವನ್ನು ಅವರ ಕಾಲ ಬುಡಕ್ಕೆ ಬಿಸಾಕಿ ಕೆಳಗಿಳಿದು ಬಂದೆ. ಅವತ್ತಿನಿಂದ ಇವತ್ತಿನವರೆಗೂ ಆ ಮಾತು ಎತ್ತಿದಾಗೆಲ್ಲ ಅವರದು ಒಂದೇ ಉತ್ತರ: "ನಾನು ನಗ್ಲಿಲ್ಲ ಕಣೆ. ಬಣ್ಣ ಬಳಿದಿದ್ರಲ್ಲ, ನಿಂಗೆ ಅಂಗೆ ಕಾಣ್ತು."

ಬಿಡದಿಯ ಸ್ಟುಡಿಯೋದವನು ಅದನ್ನು ವಿಡಿಯೋ ತೆಗೆದು ಪಾರ್ಟು ಮಾಡಿದವರಿಗೆಲ್ಲ ಒಂದೊಂದು ಕ್ಯಾಸೆಟ್ಟು ಕೊಟ್ಟಿದ್ದ. ನಮ್ಮ ಕ್ಯಾಸೆಟ್ಟನ್ನು ನಾನು ನೋಡಲಿಲ್ಲ, ಅವರಿಗೂ ಸಿಗದ ಹಾಗೆ ಮಾಡಿದೆ. ಒಲೆಗೆ ಹಾಕುವ ಹಾಗಿರಲಿಲ್ಲ, ಯಾಕೆಂದರೆ ಶುರುವಿನಲ್ಲೇ ಗಣಪತಿ ಪೂಜೆ ಇದೆ. ಪೂಜೆ ಇರುವ ಕ್ಯಾಸೆಟ್ಟು ಸುಟ್ಟು ಯಾರು ಪಾಪ ಕಟ್ಟಿಕೊಳ್ಳುತ್ತಾರೆ. ಬಟ್ಟೆಯಲ್ಲಿ ಸುತ್ತಿ, ಹುಳ ಹಿಡಿಯದಿರಲಿ ಎಂದು ಮೇಲಿನ ಸೀರೆಗಳಿಗೆ ಇಟ್ಟಿದ್ದ ನುಸಿ ಗುಳಿಗೆ, ಬೇವಿನ ಸೊಪ್ಪಿನ ನಡುವೆ, ಟ್ರಂಕಿನ ತಳಕ್ಕೆ ತಳ್ಳಿದೆ. ಕಳೆದುಹೋಯಿತು ಅಂದೆ. ಅವರು ಮನೆಯೆಲ್ಲ ಹುಡುಕಿ ಸುಮ್ಮನಾದರು.

ಈಗ ಕೇಳಿ ನನ್ನ ಹಣೆಬರಹ. ಊರಿನ ಉಳಿದ ಕ್ಯಾಸೆಟ್ಟುಗಳೆಲ್ಲ ಅಟ್ಟದ ಮೇಲೆ ಬೂಷ್ಟು ಹಿಡಿದು ಹಾಳಾಗಿದ್ದವು. ಬೆಚ್ಚಗೆ, ಒಣಗಿಕೊಂಡು, ಬೇವಿನ ಸೊಪ್ಪು ಹೊದ್ದು ಮಲಗಿದ್ದ ನನ್ನ ಟ್ರಂಕಿನ ಕ್ಯಾಸೆಟ್ಟು ಮಾತ್ರ ಹೊಸದರ ಹಾಗಿತ್ತು. ಹಿಂದಿನ ಸಲ ಬಂದಾಗ ಹಳೇ ರೇಷ್ಮೆ ಸೀರೆ ಹುಡುಕಲು ಹೋದ ಸಿರಿಯ ಕೈಗೆ ಅದು ಸಿಕ್ಕಿದೆ. ನನಗೊಂದು ಮಾತು ಹೇಳದೆ ಅವರಪ್ಪನಿಗೆ ಆಶ್ಚರ್ಯ ಮಾಡಬೇಕೆಂದು ಗಂಡನಿಗೆ ಕೊಟ್ಟಿದ್ದಾಳೆ. ಅವನು ರಾಮನಗರದಲ್ಲಿ ಯಾರಿಂದಲೋ ಅದನ್ನು ಕಾಪಿ ಮಾಡಿಸಿದ್ದಾನೆ. ಒಂದು ಸಲ ಓಡಿ ಮುಗಿಯುವ ಹೊತ್ತಿಗೆ ಟೇಪು ಮಿಷನ್ನಿಗೆ ಸಿಕ್ಕಿಕೊಂಡು ನಜ್ಜುಗುಜ್ಜಾಯಿತಂತೆ. "ಈಗ ಈ ಚಿಪ್ಪಲ್ಲಿರದು ಒಂದೇ ಮಾವ, ಇನ್ನೊಂದು ಕಾಪಿ ಮಾಡಿ ಮಡಗ್ತೀನಿ," ಅಂದ ಅಳಿಯ. ಶಿಫ್ಟು ಶಿಫ್ಟು ಎಂದುಕೊಂಡು ಮಾಡಲಿಲ್ಲ.

ಹೀಗೆ ನಾನೇ ಮೂವತ್ತು ವರ್ಷ ಟ್ರಂಕಿನಲ್ಲಿಟ್ಟು ಸಾಕಿ, ನಾನೇ ಮಗಳ ಕೈಯಲ್ಲಿ ಕಳಿಸಿ, ಅಳಿಯನ ಕೈಯಲ್ಲಿ ಬರಮಾಡಿಕೊಂಡ ಸವತಿ ಇವಳು.

ನಾನು ನಡುಮನೆಗೆ ಹೋಗುತ್ತಿರಲಿಲ್ಲ. ಆ ಮುಖ ಮತ್ತೆ ನೋಡುವುದಿಲ್ಲ ಎಂದು ಅವತ್ತೇ ಆಣೆ ಇಟ್ಟುಕೊಂಡವಳು ನಾನು. ಅಡಿಗೆಮನೆಯಿಂದ ಕೇಳಿಸಿಕೊಳ್ಳುತ್ತಿದ್ದೆ, ಕಿವಿಗೆ ಬಾಗಿಲಿಲ್ಲವಲ್ಲ. ಗಣಪತಿ ಪೂಜೆ, ಗಂಟೆ, ಪ್ರಾರ್ಥನೆ. ಆಮೇಲೆ ನಮ್ಮ ಮಹಾರಾಜರ ಕಂದ ಪದ್ಯ, ಟಿವಿಯೊಳಗೊಮ್ಮೆ, ಟಿವಿಯ ಹೊರಗೊಮ್ಮೆ. ಒಳಗಿನವರಿಗೆ ದಮ್ಮಿತ್ತು, ಹೊರಗಿನವರಿಗೆ ಕೆಮ್ಮು. ಆಮೇಲೆ ಗೆಜ್ಜೆ. ಅವಳ ಹಾಡು. ಬೈಯುವಾಗಲೂ ನಿಜ ಹೇಳಬೇಕು, ಗಂಟಲು ಚೆನ್ನಾಗಿತ್ತು. ಆ ಹಾಡಿನ ಕೊನೆಯ ಸಾಲು ಬರುವ ಹೊತ್ತಿಗೆ ದನಿ ತಟ್ಟನೆ ನಿಂತುಹೋಗುತ್ತಿತ್ತು.

ದಿನಾ ಅದೇ ಜಾಗ. ರಿಮೋಟ್ ಒತ್ತಿ ನಿಲ್ಲಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದರು. ಅಷ್ಟು ಹೊತ್ತು ಏನು ನೋಡುತ್ತಾರೆ? ನಿಂತ ಚಿತ್ರವನ್ನು. ನಿಂತ ಚಿತ್ರದಲ್ಲಿ ಯಾರಿರುತ್ತಾರೆ? ಹಾಡುತ್ತಿದ್ದವಳು. ನನ್ನ ಕೈಯಲ್ಲಿ ಮುದ್ದೆಯ ಕೋಲು ಇರುತ್ತಿತ್ತು, ಹಿಟ್ಟನ್ನು ನಾದುತ್ತಿದ್ದೆನೋ ಇನ್ಯಾರನ್ನೋ ನಾದುತ್ತಿದ್ದೆನೋ ದೇವರಿಗೇ ಗೊತ್ತು. ಆಮೇಲೆ ಅಳಿಯ ಹೇಳಿದ ಹಾಗೆಯೇ ಆಫ್ ಮಾಡಿ, ಹಸಿರು ದೀಪ ನಿಲ್ಲುವವರೆಗೂ ಕಾದು, ಸ್ವಿಚ್ಚು ಆರಿಸಿ ಎದ್ದು ಬರುತ್ತಿದ್ದರು. ಆ ಮನುಷ್ಯ ಜೀವಮಾನದಲ್ಲಿ ಒಂದು ಗೇಟನ್ನೂ ನೆಟ್ಟಗೆ ಮುಚ್ಚಿದವರಲ್ಲ. ಚಿಪ್ಪಿಗೆ ಮಾತ್ರ ಆ ಜೋಪಾನ.

ಒಂದು ದಿನ ಕೇಳಿಯೇ ಬಿಟ್ಟೆ. "ಅಷ್ಟೊತ್ತು ಏನ್ ನೋಡ್ತೀರಿ ಅದ್ರಲ್ಲಿ?"

"ಏನಿಲ್ಲ. ಹಳೇದು."

"ಹಳೇದೋ ಹಳೇಳೋ?"

ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡು ಎದ್ದರು. ಉತ್ತರ ಕೊಟ್ಟು ಜಗಳ ಆಡಿದ್ದರೆ ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತಿತ್ತು.

ಕರೆಂಟು ಹೋಗಲಿ ಎಂದು ಹರಕೆ ಹೊತ್ತ ಹೆಂಗಸು ನಮ್ಮ ಊರಿನಲ್ಲಿ ನಾನೊಬ್ಬಳೇ ಇರಬೇಕು. ಹಸಿರು ದೀಪ ಪಿಳಿಪಿಳಿ ಅನ್ನುವಾಗಲೇ ಹೋಗಲಿ, ದಬಕ್ಕನೆ ಹೋಗಲಿ. ಹೋಯಿತು ಕೂಡ. ಊರೆಲ್ಲ ಕತ್ತಲೆ. ನಾನು ಒಲೆ ಮುಂದೆ ಕೂತು ದೇವರಿಗೆ ಕೈ ಮುಗಿಯುತ್ತಿದ್ದೇನೆ, ನಡುಮನೆಯಿಂದ ರಾಧಾಮಣಿ ಹಾಡುತ್ತಲೇ ಇದ್ದಾಳೆ. ಅಳಿಯ ಟಿವಿಗೂ ಡಬ್ಬಿಗೂ ಯುಪಿಎಸ್ ಹಾಕಿಸಿದ್ದಾನೆ ಅನ್ನುವುದು ಮರೆತೇಹೋಗಿತ್ತು.

ನಾವು ಸಾಕುವ ರೇಷ್ಮೆ ಹುಳು ಆ ಸಲ ಹಣ್ಣಾದ ದಿನ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಹಣ್ಣಾದ ಹುಳು ಕಾಯುವುದಿಲ್ಲ, ಗೂಡು ಕಟ್ಟಲು ಅವನ್ನು ಆಯ್ದು ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡಲೇಬೇಕು. ನಾನೊಬ್ಬಳೇ ಬಗ್ಗಿ ಬಗ್ಗಿ ಆಯುತ್ತಿದ್ದೇನೆ, ಸೊಂಟ ಬಿದ್ದುಹೋಗುತ್ತಿದೆ. ಕರೆದೆ, ಬರಲಿಲ್ಲ. ಮತ್ತೆ ಕರೆದೆ. "ಬಂದೆ ಇರು, ಒಸಿ ಐತೆ," ಅಂದರು. ಹಾಡು ನಡೆಯುತ್ತಿತ್ತು. ಆಮೇಲೆ ನಿಂತಿತು. ಆಮೇಲೂ ಬರಲಿಲ್ಲ. ಸಂಸಾರದ ಅನ್ನ ಇಲ್ಲಿ ತಟ್ಟೆಯಲ್ಲಿ ಹರಿದಾಡುತ್ತಿದೆ, ಇವರಿಗೆ ಅವಳ ಮೋರೆ ಬೇಕು. ಆಗಲೇ ತೀರ್ಮಾನ ಮಾಡಿದೆ, ಈ ಗೂಡು ಮಾರ್ಕೆಟ್ಟಿಗೆ ಹೋಗುವ ದಿನವೇ ಇವಳನ್ನೂ ಸಾಗಿಸಬೇಕು ಎಂದು.

ಗೂಡು ಬಿಡಿಸಿ ಚೀಲಕ್ಕೆ ತುಂಬಿ, ಬೆಳಿಗ್ಗೆ ಬೆಳಿಗ್ಗೆಯೇ ಅವರು ಟೆಂಪೋದಲ್ಲಿ ರಾಮನಗರಕ್ಕೆ ಹೊರಟರು. ಹರಾಜು, ತೂಕ ಎಲ್ಲ ಮುಗಿದು ಬರುವುದು ಸಂಜೆ ಎಂದು ನನ್ನ ಲೆಕ್ಕ. ಟೆಂಪೋ ತಿರುವು ದಾಟಿದ್ದೇ ತಡ, ಟಿವಿ ಹಿಂದೆ ಕೈ ಹಾಕಿ ಸೀಳಿನಿಂದ ಚಿಪ್ಪು ಕಿತ್ತೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಿಡದಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಗಂಟನ್ನು ಬಿಟ್ಟ ಕೈಯಲ್ಲ. ಪಕ್ಕದ ಸೀಟಿನವಳು ಚಿನ್ನ ಎಂದುಕೊಂಡಿರಬೇಕು, ಎರಡು ಸಲ ನೋಡಿದಳು.

ಅಸ್ಗರನ ಅಂಗಡಿಯಲ್ಲಿ ಜನ ಇರಲಿಲ್ಲ. ಗಂಟು ಬಿಚ್ಚಿ ಚಿಪ್ಪನ್ನು ಗಾಜಿನ ಮೇಲಿಟ್ಟೆ.

"ಏನಮ್ಮಾ, ಹಾಡು ತುಂಬಿಸ್ಬೇಕಾ?" ಅಂದ.

"ಹೂಂಕಣಪ್ಪ. ಇದ್ರಲ್ಲಿ ಒಂದು ನಾಟ್ಕ ಐತೆ. ಅದೊಂದ್ನ ಅಳಿಸ್ಬುಟ್ಟು, ಆ ಜಾಗಕ್ಕೆ ದೇವರ ಹಾಡು ತುಂಬು. ಮಿಕ್ಕಿದ್ದೆಲ್ಲ ಅಂಗೇ ಇರ್ಲಿ. ನನ್ನ ಮಗಳ ಮದ್ವೆ ಐತೆ ಅದ್ರಲ್ಲಿ."

ಅವನು ಚಿಪ್ಪನ್ನು ತನ್ನ ಕಂಪ್ಯೂಟರಿಗೆ ಹಾಕಿದ. ಹುಬ್ಬು ಗಂಟು ಹಾಕಿಕೊಂಡು ನೋಡಿದ. ತೆಗೆದು, ಬಾಯಲ್ಲಿ ಊದಿ, ಮತ್ತೆ ಹಾಕಿದ.

"ಅಮ್ಮಾ, ಇದು ಮೊಬೈಲ್ ಚಿಪ್ಪಲ್ಲ. ಎಲ್ಲಿಂದ ತಂದ್ರಿ?"

"ಟಿವಿ ಹಿಂದೆ ಇತ್ತು."

"ಅದೇ ಮತ್ತೆ. ಇದ್ರಲ್ಲಿ ಬೇರೆ ಥರ ಏನೋ ತುಂಬವ್ರೆ. ನನ್ನ ಕಂಪ್ಯೂಟ್ರಿಗೆ ಒಳಗೆ ಏನೈತೆ ಅಂತ್ಲೇ ಕಾಣ್ತಿಲ್ಲ. ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತೈತೆ. ನಾನು ಹೂಂ ಅಂತ ಒತ್ತಿದ್ರೆ ಎಲ್ಲಾ ಹೋಯ್ತದೆ."

"ನಾಟ್ಕ ಒಂದೇ ಹೋಗಲ್ವಾ?"

"ಒಂದೇ ಹೋಗಲ್ಲ ಅಮ್ಮಾ. ಹೋದ್ರೆ ಎಲ್ಲಾ ಹೋಯ್ತದೆ. ಆ ಡಬ್ಬೀನೂ ಆನ್ ಆಗಲ್ಲ."

"ಗಣಪತಿ ಪೂಜೆನೂವೆ?"

"ಎಲ್ಲಾನೂವೆ." ಅವನು ಮೌಸಿನ ಮೇಲೆ ಕೈಯಿಟ್ಟುಕೊಂಡು ನನ್ನ ಮುಖ ನೋಡಿದ. "ಹೂಂ ಅನ್ಲಾ?"

ಸಿರಿಯ ಮದುವೆಗೆ ಆಲ್ಬಂ ಇದೆ. ಗಣಪತಿಗೆ ಕ್ಷಮೆ ಕೇಳಿಕೊಂಡು ಒಂದು ತೆಂಗಿನಕಾಯಿ ಒಡೆದರಾಯಿತು. ಮನೆಯಲ್ಲಿ ಕೇಳಿದರೆ, ಕೆಟ್ಟುಹೋಯಿತಂತೆ ಅನ್ನಬಹುದು. ಮೂವತ್ತು ವರ್ಷ ಹೊತ್ತ ಕೆಂಡಕ್ಕೆ ಒಂದು ಹೂಂ ಸಾಕಾಗಿತ್ತು. ಅದು ಬಾಯಿಗೆ ಬಂದೂ ಆಗಿತ್ತು.

ಆದರೆ ಆ ಹುಡುಗ 'ಒಳಗೆ ಏನೈತೆ ಅಂತ್ಲೇ ಕಾಣ್ತಿಲ್ಲ' ಅಂದದ್ದು ನನ್ನ ತಲೆಯಲ್ಲಿ ಕೂತಿತು. ಅವನ ಕಂಪ್ಯೂಟರಿಗೆ ಕಾಣಲಿಲ್ಲ. ನಾನೂ ಕಂಡಿಲ್ಲ. ಇವರು ದಿನಾ ನಿಲ್ಲಿಸಿಕೊಂಡು ನೋಡುವಂಥದ್ದು ಅವಳಲ್ಲಿ ಏನಿದೆ? ಕಣ್ಣಾ, ಮೂಗಾ, ಗಲ್ಲವಾ? ಇವಳನ್ನು ಇಲ್ಲೇ ಅಳಿಸಿದರೆ ಅದು ನನಗೆ ಇನ್ನು ಸಾಯುವವರೆಗೂ ಗೊತ್ತಾಗುವುದಿಲ್ಲ. ಅವರ ತಲೆಯೊಳಗೆ ಅವಳು ಹಾಗೇ ಇರುತ್ತಾಳೆ, ನಾನು ಮಾತ್ರ ಕತ್ತಲಲ್ಲಿ ತಡಕಾಡುತ್ತಿರುತ್ತೇನೆ.

"ಒಸಿ ತಡಿಯಪ್ಪ," ಅಂದೆ. "ಒಂದ್ಸಲ ನೋಡ್ಬುಟ್ಟು ತತ್ತೀನಿ."

ಅಸ್ಗರ ಚಿಪ್ಪು ತೆಗೆದು ಕೊಟ್ಟ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಟೀ ತರಿಸಲಾ ಎಂದು ಕೇಳಿದ. ಒಳ್ಳೆಯ ಹುಡುಗ.

ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ಅಳಿಯ ಹಾಕಿದ್ದನ್ನು ನೆನಪು ಮಾಡಿಕೊಂಡು ಚಿಪ್ಪನ್ನು ಸೀಳಿಗೆ ತಳ್ಳಿದೆ. ಸ್ವಿಚ್ಚು ಒತ್ತಿದೆ. ಪರದೆ ಕಪ್ಪಗೇ ಇತ್ತು. ಆಮೇಲೆ ಬಿಳೀ ಅಕ್ಷರ ಸಾಲುಸಾಲಾಗಿ ಮೇಲಕ್ಕೆ ಓಡಿದವು, ಇರುವೆ ಎದ್ದ ಹಾಗೆ. ಕಿತ್ತು ಕೆಡಿಸಿಬಿಟ್ಟೆನಾ ಎಂದುಕೊಂಡೆ. ಸಾಯಿಸಲು ಒಯ್ದವಳೇ ನಾನು, ಈಗ ಸತ್ತಳೇನೋ ಎಂದು ಹೆದರುತ್ತಿದ್ದವಳೂ ನಾನೇ. ಹಸಿರು ದೀಪ ಪಿಳಿಪಿಳಿ ಎಂದಿತು. ಚಿತ್ರಗಳು ಬಂದವು. ಅವರು ಒತ್ತುವ ಗುಂಡಿ ಯಾವುದೆಂದು ಅಡಿಗೆಮನೆಯ ಬಾಗಿಲಿನಿಂದ ಅವರ ಕೈಯನ್ನಷ್ಟೇ ಕದ್ದು ನೋಡಿ ಕಲಿತಿದ್ದೆ.

ಗಣಪತಿಗೆ ಕೈ ಮುಗಿದೆ. ಮಹಾರಾಜರು ಬಂದರು. ಮೀಸೆ ನೆಟ್ಟಗೆ, ಎದೆ ಅಗಲ. ಹೊಟ್ಟೆ ಇಲ್ಲ. ಇರಲಿ. ಆಮೇಲೆ ಗೆಜ್ಜೆ ಕೇಳಿಸಿತು, ಅವಳು ಬಂದಳು.

ಕಣ್ಣು ಬಿಟ್ಟುಕೊಂಡು ನೋಡಿದೆ. ಬಣ್ಣದ ಅಡಿಯಲ್ಲಿ ಇಪ್ಪತ್ತೈದರ ಒಂದು ಹುಡುಗಿ. ಬಾಡಿಗೆ ಡ್ರೆಸ್ಸು ಭುಜದಲ್ಲಿ ದೊಗಲೆಯಾಗಿ, ಹಾಡುತ್ತಲೇ ಒಂದು ಕೈಯಿಂದ ಅದನ್ನು ಎಳೆದುಕೊಳ್ಳುತ್ತಿದ್ದಳು. ನಿದ್ದೆಗೆಟ್ಟ ಕಣ್ಣು. ರಾಜನ ಕಡೆ ನೋಡುವುದಕ್ಕಿಂತ ಹಾರ್ಮೋನಿಯಂ ಮೇಷ್ಟರ ಕಡೆಗೇ ಹೆಚ್ಚು ನೋಡುತ್ತಿದ್ದಳು, ಎಲ್ಲಿ ತಾಳ ತಪ್ಪುತ್ತದೋ ಎಂದು. ಚೆನ್ನಾಗಿದ್ದಳು. ಆದರೆ ದಿನಾ ನಿಲ್ಲಿಸಿಕೊಂಡು ನೋಡುವಷ್ಟೇನೂ ಇರಲಿಲ್ಲ. ನನಗೆ ಒಂಥರಾ ನಿರಾಸೆಯೇ ಆಯಿತು.

ಹಾಡಿನ ಕೊನೆಯ ಸಾಲು ಬಂತು. ಅವರು ನಿಲ್ಲಿಸುವ ಜಾಗ. ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ, ಸ್ಟೇಜಿನ ಪಕ್ಕದ ಬಟ್ಟೆ ಸರಿಸಿಕೊಂಡು, ಇನ್ನೊಬ್ಬಳು ಬಂದಳು. ಕೆಂಪು ಸೀರೆ. ಕೈಯಲ್ಲಿ ಹಾರ. ಮೈಯೆಲ್ಲ ನಗು. ಕಿರೀಟ ಹೊತ್ತ ಗಂಡಸನ್ನು ನೋಡುತ್ತಾ ಊರೆಲ್ಲ ತನ್ನದೇ ಅನ್ನುವ ಹಾಗೆ ನಗುತ್ತಿದ್ದಳು. ನನ್ನ ಮೈ ಉರಿದುಹೋಯಿತು. ಒಬ್ಬಳು ಸಾಲದೆಂದು ಇನ್ನೊಬ್ಬಳೂ ಇದ್ದಳಾ? ಇವಳು ಯಾವೂರ ಬಿನ್ನಾಣಗಿತ್ತಿ?

ಆಮೇಲೆ ಹಾರ ಕಂಡಿತು. ಮೊಣಕಾಲು ಮುಟ್ಟುವ ಸುಗಂಧರಾಜದ ಹಾರ.

ಆಗಲೇ ನನ್ನ ಹಿಂದಿನಿಂದ ಒಂದು ಕೈ ಬಂದು ರಿಮೋಟ್ ತೆಗೆದುಕೊಂಡು ಒತ್ತಿತು. ಚಿತ್ರ ನಿಂತಿತು. ಗೂಡು ಬೇಗ ಹರಾಜಾಗಿ ಯಜಮಾನರು ಹೊತ್ತಿಗೆ ಮುಂಚೆಯೇ ಬಂದಿದ್ದರು. ಬಾಗಿಲು ತೆಗೆದದ್ದು ಹಾಡಿನ ಗಲಾಟೆಯಲ್ಲಿ ನನಗೆ ಕೇಳಿಸಿರಲಿಲ್ಲ.

"ಇಲ್ಲಿಗೇ ಸಾಕು," ಅಂದರು.

"ಯಾಕೆ? ಮುಂದಕ್ಕೆ ಬುಡಿ. ಆಮೇಲಿಂದು ನಾನು ನೋಡ್ಬೇಕು."

"ಬ್ಯಾಡ ಕಣೆ."

"ದಿನಾ ಇಲ್ಲಿಗೇ ನಿಲ್ಲಿಸ್ತೀರಲ್ಲ, ಯಾರನ್ನ ನೋಡಕ್ಕೆ? ನೆಟ್ಟಗೆ ಹೇಳಿ."

ಅವರು ಕುರ್ಚಿಯ ಮೇಲೆ ಕೂತರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಪರದೆಯ ನಡುವೆ ರಾಧಾಮಣಿ ಬಾಯಿ ತೆರೆದು ನಿಂತಿದ್ದಳು. ಅವರು ಅವಳನ್ನು ದಾಟಿ ಮೂಲೆಗೆ ಬೆರಳು ಮಾಡಿದರು.

"ಮೊದ್ಲನೇ ದಿನ, ನೀವೆಲ್ಲ ಮಲಗಿದ ಮ್ಯಾಲೆ, ಪೂರ್ತಿ ನೋಡ್ದೆ," ಅಂದರು. "ನೀನು ಹೇಳಿದ್ದೇ ಸರಿ. ನಾನು ನಕ್ಕಿದ್ದೀನಿ. ಅವನು ಕೂಗಿದ್ದಕ್ಕೆ ಹಲ್ಲು ಬುಟ್ಕೊಂಡು ನಕ್ಕಿದ್ದೀನಿ. ಇಷ್ಟು ವರ್ಷ ನಗ್ಲಿಲ್ಲ ನಗ್ಲಿಲ್ಲ ಅಂದು ಅಂದು ನಂಗೇ ಅಂಗನ್ಸ್ಬುಟ್ಟಿತ್ತು."

ಟೋಪಿಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡರು.

"ಅದಕ್ಕೇ ಇಲ್ಲಿಗೇ ನಿಲ್ಲಿಸ್ತೀನಿ. ಇಲ್ಲಿಗಂಟ ನಗ್ತಿರೋಳು ನೀನು. ಇಲ್ಲಿಂದಾಚೆಗೆ ನಗೋನು ನಾನು. ಆಮೇಲೆ ಮನೇಲಿ ನೀನು ಇಂಗೆ ನಕ್ಕಿದ್ದು ನಾನು ಕಾಣ್ಲಿಲ್ಲ."

ಮೂವತ್ತು ವರ್ಷದ ವಾದ ಗೆದ್ದಿದ್ದೆ. ಎದುರಾಳಿ ತಾನೇ ಬಂದು ಸೋತೆ ಅಂದಿದ್ದರು. ಕುಣಿಯಬೇಕಾಗಿತ್ತು ನಾನು. ಅದಕ್ಕೆ ಬದಲು ಪರದೆಯ ಮೂಲೆಯಲ್ಲಿದ್ದ ಆ ಹುಡುಗಿಯನ್ನೇ ನೋಡುತ್ತಾ ನಿಂತೆ, ನನ್ನ ಹೊಟ್ಟೆಯೊಳಗೆ ಹೊಸದಾಗಿ ಬೆಂಕಿ ಹತ್ತಿಕೊಂಡಿತು. ಇಷ್ಟು ದಿನ ಒಗೆದ ಪಂಚೆ ಉಟ್ಟದ್ದು, ತಲೆ ಬಾಚಿದ್ದು, ಹಸಿರು ದೀಪ ನಿಲ್ಲುವವರೆಗೆ ಕಾದದ್ದು ಇವಳಿಗೆ. ಹುಳು ಆಯಲು ಕರೆದಾಗ ಬಾರದೆ ಕೂತದ್ದೂ ಇವಳ ಮುಂದೆ. ಹುಳು ಆಯುತ್ತಿದ್ದವಳು ನಾನು, ಸೊಂಟ ನೋವು ನನ್ನದು, ನೋಟ ಇವಳಿಗೆ. ರಾಧಾಮಣಿಯನ್ನಾದರೆ ಬಾಯಿಗೆ ಬಂದ ಹಾಗೆ ಬೈಯಬಹುದಾಗಿತ್ತು. ಇವಳನ್ನು ಏನೆಂದು ಬೈಯಲಿ? ಹೆಸರು ಹಿಡಿದು ಬೈದರೆ ಅದು ನನ್ನದೇ ಹೆಸರು, ವೆಂಕಟಲಕ್ಷ್ಮಮ್ಮ.

"ಮುಂದಕ್ಕೆ ಬುಡ್ಲಾ?" ಎಂದು ಅವರು ರಿಮೋಟ್ ಚಾಚಿದರು. "ನೀನು ನೋಡ್ಬೇಕು ಅಂದ್ರೆ ನೋಡು. ನಿನ್ನ ಹಕ್ಕು."

"ಬ್ಯಾಡ. ಆಫ್ ಮಾಡಿ," ಅಂದೆ. "ಹಸ್ರು ಲೈಟು ನಿಂತ ಮ್ಯಾಲೆ ಸ್ವಿಚ್ಚು."

ಅವತ್ತು ಸಂಜೆಯೇ ಸಿರಿಗೆ ಫೋನು ಮಾಡಿ, "ನಿನ್ನ ಗಂಡನಿಗೆ ಹೇಳು, ಆ ನಾಟ್ಕದ್ದು ಇನ್ನೊಂದು ಕಾಪಿ ಮಾಡ್ಲಿ, ಒಂದೇ ಚಿಪ್ಪು ನಂಬ್ಕೊಂಡು ಕೂರಕ್ಕಾಯ್ತದಾ," ಅಂದೆ. "ಯಾಕವ್ವ, ನಿಂಗೆ ನಾಟ್ಕ ಅಂದ್ರೆ ಆಗಲ್ಲ ಅಂತಿದ್ದೆ," ಎಂದು ಅವಳು ನಕ್ಕಳು. ಈಗಲೂ ಆಗಲ್ಲ ಎಂದು ಫೋನಿಟ್ಟೆ. ನಾನು ಸುಳ್ಳು ಹೇಳಲಿಲ್ಲ.

ಮಾರನೇ ದಿನ ಅವರು ಡೇರಿಯಿಂದ ಬಂದು, ಕೈಕಾಲು ತೊಳೆದು, ತಲೆ ಬಾಚಿಕೊಂಡು, ನನ್ನ ಕಡೆ ಒಂದು ಸಲ ನೋಡಿ, ಅನುಮಾನಿಸುತ್ತಲೇ ಟಿವಿ ಹಾಕಿದರು. ಹಾಕಬೇಡಿ ಎಂದು ನಾನು ಅನ್ನಲಿಲ್ಲ. ಒಲೆ ಮೇಲೆ ಕಾಫಿ ಇಟ್ಟೆ. ಗಂಟೆ ಕೇಳಿಸಿತು, ಪದ್ಯ ಕೇಳಿಸಿತು, ಗೆಜ್ಜೆ ಕೇಳಿಸಿತು. ಕೊನೆಯ ಸಾಲು ಬಂತು. ದನಿ ನಿಂತಿತು.

ಎರಡು ಲೋಟ ಕಾಫಿ ಹಿಡಿದು ನಡುಮನೆಗೆ ಹೋದೆ. ಅವರಿಗೆ ಕೊಡಲಿಲ್ಲ. ಹೋಗಿ ಟಿವಿಯ ಮುಂದೆ, ಸರಿಯಾಗಿ ಆ ಮೂಲೆಗೆ ಅಡ್ಡ ನಿಂತೆ. ರಾಧಾಮಣಿ ಪೂರ್ತಿ ಕಾಣುತ್ತಿದ್ದಳು. ಅವಳು ಕಾಣಲಿ, ಅವಳದೇನು.

"ಪಕ್ಕಕ್ಕೆ ಸರ್ಕೊ, ಕಾಣ್ತಿಲ್ಲ," ಅಂದರು.

"ಅಲ್ಲಿ ಕಾಣ್ದಿದ್ರೆ ಬುಡಿ. ಇಲ್ಲಿ ಕಾಣ್ತೈತಲ್ಲ."

ಅವರು ಕತ್ತು ಒಂದು ಕಡೆ ವಾಲಿಸಿದರು. ನಾನೂ ಆ ಕಡೆ ಒಂದು ಹೆಜ್ಜೆ ಸರಿದೆ. ಈ ಕಡೆ ವಾಲಿಸಿದರು, ಈ ಕಡೆ ಸರಿದೆ. ಕಾಫಿ ಬೆರಳಿಗೆ ಚೆಲ್ಲಿ ಸುಟ್ಟಿತು. ಕೊನೆಗೆ ಅವರು ಕತ್ತು ನೆಟ್ಟಗೆ ಮಾಡಿಕೊಂಡು, ತಲೆಯೆತ್ತಿ, ನನ್ನ ಮುಖ ನೋಡಿದರು. ಬಿಳಿ ಕೂದಲು, ಉಬ್ಬಿದ ಕಣ್ಣು, ಹೋಗಿರುವ ಎರಡು ಹಲ್ಲು, ಎಲ್ಲವನ್ನೂ ನೋಡಿದರು. ನಗು ಬರಲಿಲ್ಲ ನನಗೆ. ಬರುತ್ತದೆ ಎಂದು ನಾನು ಹೇಳಿಯೂ ಇರಲಿಲ್ಲ. ಅವರು ನೋಡುತ್ತಲೇ ಇದ್ದರು, ಚಿತ್ರ ನಿಲ್ಲಿಸಿಕೊಂಡು ನೋಡುವಷ್ಟೇ ಹೊತ್ತು.

ನಾನು ಸರಿಯಲಿಲ್ಲ.